ಅರ್ಧ ಪುಟದ ಜೂನ್

ಸರಕಾರಿ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕರ ಕೋಣೆಯಲ್ಲಿ ಕಬ್ಬಿಣದ ಕಪಾಟಿನ ಕೆಳಗಿನ ಖಾನೆ ಜನರಲ್ ರಜಿಸ್ಟರಿನದು. ಹಾಜರಿ ಪುಸ್ತಕ, ಬಿಸಿಯೂಟದ ವಹಿ, ನಗದು ಪುಸ್ತಕ ಇವೆಲ್ಲ ತುಂಬಿದ ಮೇಲೆ ಗಂಟು ಕಟ್ಟಿಸಿಕೊಂಡು ಅಟ್ಟ ಸೇರುತ್ತವೆ. ಜನರಲ್ ರಜಿಸ್ಟರ್ ಮಾತ್ರ ಶಾಲೆ ಇರುವವರೆಗೂ ಕೈಗೆ ಸಿಗುವಂತಿರಬೇಕು. ಅರವತ್ತು ದಾಟಿದ ಯಾರೋ ಒಬ್ಬರು ಪಿಂಚಣಿಗೋ ಆಸ್ತಿ ಹಂಚಿಕೆಗೋ ಜನ್ಮದಿನಾಂಕದ ದಾಖಲೆ ಬೇಕೆಂದು ಬಂದಾಗ ಆ ಖಾನೆಯ ಬಾಗಿಲು ತೆರೆಯುತ್ತದೆ, ಇಲ್ಲವೇ ಜೂನ್ ತಿಂಗಳಲ್ಲಿ ಹೊಸ ಮಗುವಿನ ಹೆಸರು ಬರೆಯುವಾಗ ತೆರೆಯುತ್ತದೆ. ಈಚಿನ ವರ್ಷಗಳಲ್ಲಿ ಮೊದಲನೆಯ ಕಾರಣಕ್ಕೆ ತೆರೆದ ಸಲವೇ ಹೆಚ್ಚು.

ನಾನು ಕೆಲಸ ಮಾಡಿದ್ದು ಧಾರವಾಡದ ಹಳೆಯ ಓಣಿಯೊಂದರ ಶಾಲೆಯಲ್ಲಿ. ನಿವೃತ್ತಳಾದ ಮೇಲೂ ಜೂನ್ ಬಂದರೆ ಕಾಲು ಆ ಕಡೆ ಎಳೆಯುತ್ತದೆ, ಹೋಗಿ ಒಂದಿಷ್ಟು ಬರವಣಿಗೆಯ ಕೆಲಸಕ್ಕೆ ಕೈ ಹಚ್ಚುತ್ತೇನೆ. 2025ರ ಜೂನಿನಲ್ಲಿ ಹಾಗೆ ಕುಳಿತಿದ್ದಾಗ ಎಪ್ಪತ್ತರ ದಶಕದ ರಜಿಸ್ಟರೊಂದು ಮೇಜಿನ ಮೇಲಿತ್ತು. ನೀಲಿ ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಮಡಚಿದ ಕಡೆ ಹಾಳೆ ಹರಿದು ಅಂಟಿನ ಕಾಗದ ಹಚ್ಚಲಾಗಿದೆ. ಅಲ್ಲಿ ಒಂದು ಜೂನ್ ತಿಂಗಳ ದಾಖಲಾತಿಗೆ ನಾಲ್ಕೈದು ಪುಟ ಬೇಕಾಗುತ್ತಿತ್ತು. ಈಗಿನ ರಜಿಸ್ಟರಿನಲ್ಲಿ ಜೂನ್ ಅರ್ಧ ಪುಟಕ್ಕೆ ಮುಗಿದಿತ್ತು.

ಪುಟಗಳ ಲೆಕ್ಕಕ್ಕಿಂತ ನನ್ನ ಕಣ್ಣು ನಿಂತದ್ದು ಪಾಲಕರ ಉದ್ಯೋಗದ ಅಂಕಣದ ಮೇಲೆ. ಹಳೆಯ ಪುಟದಲ್ಲಿ ಹಮಾಲಿ, ಅದರ ಕೆಳಗೆ ವಕೀಲಿ, ಅದರ ಕೆಳಗೆ ಹಾಲಿನ ವ್ಯಾಪಾರ, ರೈಲ್ವೆ ನೌಕರಿ, ಹೊಲಿಗೆ, ಮಾಸ್ತರಿಕೆ, ಮತ್ತೆ ಹಮಾಲಿ. ವಕೀಲರ ಮಗನೂ ಹಮಾಲರ ಮಗನೂ ಒಂದೇ ದಿನ ದಾಖಲಾಗಿ, ಒಂದರ ಕೆಳಗೊಂದು ಕ್ರಮಸಂಖ್ಯೆ ಪಡೆದು, ಬಹುಶಃ ಒಂದೇ ತಟ್ಟಿನ ಮೇಲೆ ಕುಳಿತಿದ್ದರು. ಈಗಿನ ಅರ್ಧ ಪುಟದಲ್ಲಿ ಆ ಅಂಕಣ ಓದುವ ಅಗತ್ಯವೇ ಇಲ್ಲ. ಕೂಲಿ, ಕೂಲಿ, ಗೌಂಡಿ ಕೆಲಸ, ಕೂಲಿ, ಮನೆಗೆಲಸ. ದಾಖಲಾತಿ ಕುಸಿತ ಎಂದು ಪತ್ರಿಕೆಗಳು ಬರೆಯುವಾಗ ಸಂಖ್ಯೆಯನ್ನಷ್ಟೇ ಹೇಳುತ್ತವೆ. ಸಂಖ್ಯೆ ಇಳಿಯುವುದಕ್ಕೆ ಬಹಳ ಮೊದಲೇ ಆ ಅಂಕಣ ಬರಿದಾಗಿತ್ತು.

ನಮ್ಮ ಕಡೆ ಪ್ರಾಥಮಿಕ ಶಾಲೆಗೆ 'ಕನ್ನಡ ಸಾಲಿ' ಎನ್ನುವುದೇ ರೂಢಿ. 'ಕನ್ನಡ ಸಾಲಿ ಮಾಸ್ತರ' ಎಂದರೆ ಪ್ರಾಥಮಿಕ ಶಾಲೆಯ ಶಿಕ್ಷಕ, ಅಷ್ಟೇ. ಹುಬ್ಬಳ್ಳಿ-ಧಾರವಾಡದ ಹಳೆಯ ಶಾಲೆಗಳಿಗೆ ಹೆಸರಿಗಿಂತ ನಂಬರು ಮುಖ್ಯ: ಗಂಡುಮಕ್ಕಳ ಶಾಲೆ ನಂಬರು ಇಂತಿಷ್ಟು, ಹೆಣ್ಣುಮಕ್ಕಳ ಶಾಲೆ ನಂಬರು ಇಂತಿಷ್ಟು. ಮುಂಬಯಿ ಪ್ರಾಂತದ ಕಾಲದ ಈ ನಂಬರುಗಳನ್ನು ಹಿಡಿದೇ ಹಿರಿಯರು ಇಂದಿಗೂ ಊರಿನ ದಾರಿ ಹೇಳುತ್ತಾರೆ. ಇಲ್ಲಿ ಕನ್ನಡ ಶಾಲೆ ಎಂಬುದು ತಾನಾಗಿ ಹುಟ್ಟಿದ್ದಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಪೇಶವೆಯರ ಆಳ್ವಿಕೆ ಮುಗಿದು ಇಂಗ್ಲಿಷರು ಬಂದಾಗ ಈ ಭಾಗದ ಕಚೇರಿಯ ಭಾಷೆ ಮರಾಠಿ, ಆದ್ದರಿಂದ ಶಾಲೆಯ ಭಾಷೆಯೂ ಮರಾಠಿ. ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಇಲ್ಲಿ ಕನ್ನಡ ಶಾಲೆಗಾಗಿ ಕಾಳಜಿ ವಹಿಸಿದ. ಮುಂದೆ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯೊಳಗಿದ್ದುಕೊಂಡೇ ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಮನೆಯಲ್ಲಿ ಕನ್ನಡ ಆಡುವ ಪಾಲಕರು ಅಂದು ಮಕ್ಕಳನ್ನು ಮರಾಠಿ ಶಾಲೆಗೆ ಕಳಿಸುತ್ತಿದ್ದುದು ಮರಾಠಿಯ ಮೇಲಿನ ಪ್ರೀತಿಯಿಂದಲ್ಲ. ಕಚೇರಿಯಲ್ಲಿ ಅನ್ನ ಇದ್ದದ್ದು ಆ ಭಾಷೆಯಲ್ಲಿ. ಇಂದಿನ ಪಾಲಕರನ್ನು ಭಾಷಾದ್ರೋಹಿಗಳೆಂದು ಬೈಯುವ ಭಾಷಣ ಕೇಳಿದಾಗಲೆಲ್ಲ ನನಗೆ ಆ ಹಳೆಯ ಪಾಲಕರು ನೆನಪಾಗುತ್ತಾರೆ. ಗೋಕಾಕ್ ಚಳವಳಿ ಕಾವೇರಿದ್ದು ಇದೇ ಊರಿನಲ್ಲಿ. ಆ ಮೆರವಣಿಗೆಗಳಲ್ಲಿ ಗಂಟಲು ಹರಿಯುವಂತೆ ಕೂಗಿದ ಎಷ್ಟೋ ಮಂದಿಯ ಮೊಮ್ಮಕ್ಕಳು ಇಂದು ಯಾವ ಬಣ್ಣದ ವ್ಯಾನಿನಲ್ಲಿ ಹೋಗುತ್ತಾರೆಂಬುದು ನನಗೆ ಗೊತ್ತು. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನ ಮಗ ಓದಿದ್ದೂ ಕನ್ನಡ ಸಾಲಿಯಲ್ಲಿ ಅಲ್ಲ.

ಹಾಗಾದರೆ ಎಲ್ಲವೂ ಇಂಗ್ಲಿಷಿನ ಮೋಹವೇ? ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆಂದು ರಾಜ್ಯ ಸರಕಾರ 1994ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತು. 2008ರಲ್ಲಿ ಹೈಕೋರ್ಟ್ ಅದನ್ನು ಖಾಸಗಿ ಶಾಲೆಗಳ ಮಟ್ಟಿಗೆ ತೆಗೆದುಹಾಕಿತು, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾಧ್ಯಮದ ಆಯ್ಕೆ ಪಾಲಕರದ್ದೆಂದು ಹೇಳಿತು. ಸರಕಾರಿ ಶಾಲೆಯ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವುದು 2007ರಲ್ಲಿ ಶುರುವಾಯಿತು. 2019ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೇ ಬಂದವು, ಎಡಪುಟದಲ್ಲಿ ಒಂದು ಭಾಷೆ, ಬಲಪುಟದಲ್ಲಿ ಇನ್ನೊಂದು ಭಾಷೆ ಇರುವ ದಪ್ಪ ಪುಸ್ತಕಗಳು ಬಂದವು. ಅಂಥ ವಿಭಾಗ ಸಿಕ್ಕ ಶಾಲೆಗಳಿಗೆ ಮಕ್ಕಳು ಬಂದದ್ದೂ ಉಂಟು. ಆದರೆ ಮೇ ತಿಂಗಳ ಬಿಸಿಲಿನಲ್ಲಿ ಕರಪತ್ರ ಹಿಡಿದು ಓಣಿ ಓಣಿ ತಿರುಗುವ ದಾಖಲಾತಿ ಆಂದೋಲನದಲ್ಲಿ ನಾನು ಕಲಿತ ಪಾಠ ಬೇರೆ.

ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಮನೆಗಳ ಪಾತ್ರೆ ತೊಳೆದು ಬರುವ ಒಬ್ಬ ತಾಯಿ ಇದ್ದಳು. ಆಕೆಯ ಹಿರಿಯ ಮಗಳು ನನ್ನ ಕೈಯಲ್ಲೇ ಓದಿದವಳು. ಕಿರಿಯ ಮಗಳನ್ನು ನಮ್ಮಲ್ಲಿಗೆ ಏಕೆ ಕಳಿಸಲಿಲ್ಲ ಎಂದು ಕೇಳಿದೆ. ಇಂಗ್ಲಿಷಿನ ಮಾತು ಬರುತ್ತದೆಂದು ಕಾದಿದ್ದೆ. ಬರಲಿಲ್ಲ.

"ಅಕ್ಕೋರ, ನಿಮ್ಮ ಸಾಲಿ ಚಲೋ ಐತಿ, ಅದ್ರಾಗ ಮಾತಿಲ್ಲ. ಆದ್ರ ಇಕಿಗೆ ಮೂರೂವರಿ ಆದಾಗ ನಾ ಕೆಲಸಕ್ಕ ಹೋಗೂದು ಸುರು ಮಾಡಿದ್ನಿ. ಆಗ ನೀವು ತಗೋತಿದ್ರೇನು?"

ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳುವ ಅಧಿಕಾರ ನಮಗಿರಲಿಲ್ಲ. ಅಂಗನವಾಡಿ ಇತ್ತು, ಆದರೆ ಅದು ಎರಡು ಓಣಿ ಆಚೆ ಬಾಡಿಗೆಯ ಒಂದೇ ಕೋಣೆಯಲ್ಲಿತ್ತು, ಮಗು ಅಲ್ಲಿಂದ ಹೊರಬೀಳುವ ಹೊತ್ತಿಗೂ ಆಕೆ ಕೆಲಸದಿಂದ ಬರುವ ಹೊತ್ತಿಗೂ ಹೊಂದುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಎರಡು ಅಂತಸ್ತಿನ ಮನೆಯೊಂದರಲ್ಲಿ ನಡೆಯುತ್ತಿದ್ದ ಖಾಸಗಿ ಶಾಲೆ ಎಲ್‌ಕೆಜಿಗೆ ಸೇರಿಸಿಕೊಂಡಿತು, ಫೀಯನ್ನು ಕಂತಿನಲ್ಲಿ ಕಟ್ಟಿದರೂ ಸರಿ ಎಂದಿತು. ಎಲ್‌ಕೆಜಿ ಆದ ಮೇಲೆ ಯುಕೆಜಿ, ಯುಕೆಜಿ ಆದ ಮೇಲೆ ಅದೇ ಬೆಂಚಿನ ಗೆಳತಿಯರ ಜೊತೆ ಅದೇ ಕಟ್ಟಡದ ಒಂದನೆಯ ತರಗತಿ. ನಾವು ಕರಪತ್ರ ಹಿಡಿದು ಆಕೆಯ ಬಾಗಿಲಿಗೆ ಹೋದಾಗ ಮಗುವಿಗೆ ಆರು ತುಂಬಿತ್ತು. ನಿರ್ಧಾರವಾಗಿ ಎರಡೂವರೆ ವರ್ಷ ಕಳೆದಿತ್ತು. ಉಚಿತ ಪುಸ್ತಕ, ಸಮವಸ್ತ್ರ, ಶೂ, ಕ್ಷೀರಭಾಗ್ಯದ ಹಾಲು, ಬಿಸಿಯೂಟ, ಮೊಟ್ಟೆ ಎಂದು ನಾವು ಒಂದೊಂದಾಗಿ ಎಣಿಸಿ ಹೇಳುತ್ತಿದ್ದ ಸೌಲಭ್ಯಗಳೆಲ್ಲ ಆರು ವರ್ಷದ ಬಾಗಿಲಿನ ಒಳಗಿದ್ದವು. ಆಕೆ ನಿಂತದ್ದು ಮೂರೂವರೆ ವರ್ಷದ ಬಾಗಿಲಿನ ಮುಂದೆ, ಅಲ್ಲಿ ನಮ್ಮ ಫಲಕವೇ ಇರಲಿಲ್ಲ.

ಇದು ಗೊತ್ತಾದ ಮೇಲೆ ಪ್ರತಿ ಮನೆಯಲ್ಲೂ ನಾನು ಅದನ್ನೇ ಕೇಳತೊಡಗಿದೆ, ಮಗು ಮೊದಲ ಸಲ ಚೀಲ ಹೆಗಲಿಗೇರಿಸಿದ್ದು ಎಷ್ಟನೆಯ ವಯಸ್ಸಿಗೆ ಎಂದು. ಉತ್ತರ ಬಹುಪಾಲು ಒಂದೇ. ಸರಕಾರಕ್ಕೂ ಇದು ತಿಳಿಯದೇ ಇಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳೆಂದು 2018ರಿಂದ ಆರಂಭಿಸಿದ ಕಡೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣ ಎಂಬುದೇ ಮುಖ್ಯ ಆಕರ್ಷಣೆ, ಅಲ್ಲಿ ಸೀಟಿಗೆ ಪಾಲಕರು ಸಾಲು ಹಚ್ಚಿದ್ದನ್ನೂ ಕಂಡಿದ್ದೇವೆ. ಉಳಿದ ಶಾಲೆಗಳಿಗೂ ಎಲ್‌ಕೆಜಿ ಕೊಡುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ಸುಳ್ಳಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಹೋದರೆ ಅಂಗನವಾಡಿಯಲ್ಲಿ ಉಳಿಯುವುದೇನು? ಒಂದೇ ಸರಕಾರದ ಎರಡು ಇಲಾಖೆಗಳು ಒಂದೇ ಮಗುವಿಗಾಗಿ ಜಗ್ಗಾಡುತ್ತಿರುವಾಗ ಓಣಿಯ ತುದಿಯ ಎರಡಂತಸ್ತಿನ ಮನೆ ಆ ಮಗುವನ್ನು ಸದ್ದಿಲ್ಲದೆ ಒಳಗೆ ಕರೆದುಕೊಂಡಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಮೀಸಲಾದ ಶೇ 25ರ ಸೀಟುಗಳೂ ಕೆಲವು ವರ್ಷ ಇದೇ ಕೆಲಸ ಮಾಡಿದವು: 2012ರಿಂದ ನಮ್ಮ ಓಣಿಯ ಚುರುಕಾದ ಪಾಲಕರ ಮಕ್ಕಳು ಸರಕಾರದ ಖರ್ಚಿನಲ್ಲೇ ಖಾಸಗಿ ಶಾಲೆ ಸೇರಿದರು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಈ ಸೀಟು ಇಲ್ಲ ಎಂದು 2019ರಲ್ಲಿ ನಿಯಮ ಬದಲಾದ ಮೇಲೆ ಆ ಹರಿವು ಬಹುಮಟ್ಟಿಗೆ ನಿಂತಿತು. ಮಕ್ಕಳು ಮಾತ್ರ ಮರಳಲಿಲ್ಲ. ಅಷ್ಟರಲ್ಲಿ ಸಾಲ ಮಾಡಿಯಾದರೂ ಫೀ ಕಟ್ಟುವುದು ಓಣಿಗೆ ರೂಢಿಯಾಗಿತ್ತು.

ಸಂಖ್ಯೆ ಇಳಿದಾಗ ಶಾಲೆಯೊಳಗೆ ನಡೆಯುವುದನ್ನು ಹೊರಗಿನವರು ಕಾಣುವುದು ಕಡಿಮೆ, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದರವರೆಗಿನ ತರಗತಿಗಳಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಕೇಳಲು ಉದಾರವಾದ ಲೆಕ್ಕ. ಆದರೆ 61 ಮಕ್ಕಳಿದ್ದ ಶಾಲೆಯಿಂದ ಇಬ್ಬರು ಟಿಸಿ ತೆಗೆದುಕೊಂಡು ಹೋದರೆ ಒಬ್ಬ ಶಿಕ್ಷಕ 'ಹೆಚ್ಚುವರಿ' ಆಗುತ್ತಾನೆ. ಪಟ್ಟಿ ಪ್ರಕಟವಾಗುತ್ತದೆ, ಕೌನ್ಸೆಲಿಂಗ್ ನಡೆಯುತ್ತದೆ, ಮರುಹೊಂದಾಣಿಕೆಯಲ್ಲಿ ಆತ ಬೇರೆ ಶಾಲೆಗೆ ಹೋಗುತ್ತಾನೆ. ಉಳಿದ ಇಬ್ಬರು ಐದು ತರಗತಿ ನೋಡಬೇಕು. ಒಬ್ಬರಿಗೆ ತರಬೇತಿ, ಇನ್ನೊಬ್ಬರಿಗೆ ಮತಗಟ್ಟೆ ಅಧಿಕಾರಿಯ ಕೆಲಸ ಬಂದರೆ ಬಿಸಿಯೂಟದ ಅಕ್ಕನೇ ಶಾಲೆಯ ಹಿರಿಯಳು. ಅದೇ ವಾರ ದಾಖಲಾತಿ ವಿಚಾರಿಸಲು ಬಂದ ಪಾಲಕ ಕಿಟಕಿಯಿಂದ ಇಣುಕಿ ನೋಡುತ್ತಾನೆ, ಏನೂ ಹೇಳದೆ ಹೋಗುತ್ತಾನೆ. ಮುಂದಿನ ಜೂನಿಗೆ ಇನ್ನೂ ನಾಲ್ವರು ಕಡಿಮೆ. ಮಕ್ಕಳಿಲ್ಲ ಎಂದು ಶಿಕ್ಷಕರನ್ನು ತೆಗೆದದ್ದೋ, ಶಿಕ್ಷಕರಿಲ್ಲ ಎಂದು ಮಕ್ಕಳು ಹೋದದ್ದೋ ಎಂಬುದು ಮೂರು ವರ್ಷದ ನಂತರ ಯಾರಿಗೂ ನೆನಪಿರುವುದಿಲ್ಲ; ಕಡತದಲ್ಲಿ ಮೊದಲನೆಯದಷ್ಟೇ ಇರುತ್ತದೆ.

ನಲಿ-ಕಲಿಯ ಕಥೆಯೂ ಇದರೊಳಗೆ ಸಿಕ್ಕಿಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ, 2009ರಿಂದ ರಾಜ್ಯವೆಲ್ಲ ಹರಡಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅದನ್ನು ಮನಸ್ಸಿಟ್ಟು ಮಾಡಿದ ತರಗತಿಗಳಲ್ಲಿ ಮಕ್ಕಳು ಹೆದರಿಕೆಯಿಲ್ಲದೆ ಓದಲು ಕಲಿತದ್ದಕ್ಕೆ ನಾನೇ ಸಾಕ್ಷಿ. ಆದರೆ ಪಾಲಕರು ಕಿಟಕಿಯಿಂದ ಕಂಡದ್ದು ಮೂರು ತರಗತಿಗೆ ಒಬ್ಬಳೇ ಅಕ್ಕೋರು, ಸಾಲಾಗಿ ಕೂಡದೆ ನೆಲದ ಮೇಲೆ ಗುಂಪುಗುಂಪಾಗಿ ಕುಳಿತ ಮಕ್ಕಳು, ಮನೆಗೆ ಬರೆಯಲು ಹೋಮ್‌ವರ್ಕ್ ಇಲ್ಲ. ಕಲಿಕೆಯ ಪದ್ಧತಿಯನ್ನೂ ಶಿಕ್ಷಕರ ಕೊರತೆಯನ್ನೂ ಹೊರಗಿನಿಂದ ಬೇರ್ಪಡಿಸಿ ನೋಡುವುದು ಹೇಗೆ? ನಮ್ಮಲ್ಲಿ ಅವೆರಡೂ ಒಂದೇ ಕೋಣೆಯಲ್ಲಿದ್ದವು.

ಕೋವಿಡ್ ಬಂದಾಗ ಒಂದು ವಿಚಿತ್ರ ಜೂನ್ ನೋಡಿದೆವು. 2021ರಲ್ಲಿ, ಫೀ ಬಾಕಿ ಉಳಿಸಿಕೊಂಡ ಪಾಲಕರು ಮಕ್ಕಳ ಕೈಹಿಡಿದು ಒಬ್ಬೊಬ್ಬರಾಗಿ ಬಂದರು. ಕೆಲವರಿಗೆ ಹಿಂದಿನ ಶಾಲೆ ಬಾಕಿ ತೀರಿಸುವವರೆಗೆ ಟಿಸಿ ಕೊಡುವುದಿಲ್ಲ ಎಂದಿತ್ತು. ಎಸ್‌ಎಟಿಎಸ್ ಎಂಬ ಮಗುವಾರು ದಾಖಲೆಯ ಸರಕಾರಿ ತಂತ್ರಾಂಶದ ಸಂಖ್ಯೆಯನ್ನು ಅಲ್ಲಿಂದ ಇಲ್ಲಿಗೆ ತರಿಸಿಕೊಳ್ಳಲು ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಎಷ್ಟು ಸಲ ಅಲೆದೆವೋ. ಬಹಳ ವರ್ಷಗಳ ನಂತರ ಮೊದಲ ಬಾರಿಗೆ ನಮ್ಮಲ್ಲಿ ಬೆಂಚು ಸಾಲಲಿಲ್ಲ. ನನ್ನ ಸಹೋದ್ಯೋಗಿಗಳು ಹಿಗ್ಗಿದರು, ನಾನೂ ಹಿಗ್ಗಿದೆ. ಎರಡು ವರ್ಷ ಕಳೆಯುವುದರೊಳಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ್ತೆ ಹೋದರು. ಮಕ್ಕಳ ಶಾಲೆ, ಕಲಿಕೆಗಳನ್ನು ಅಳೆಯುವ ಅಸರ್ ಸಮೀಕ್ಷೆ ನೋಡುವುದು ಹಳ್ಳಿಗಳನ್ನು ಮಾತ್ರ, ಆದರೂ ಅಲ್ಲಿನ ಏರಿಳಿತ ನಮ್ಮ ಓಣಿಯದಕ್ಕಿಂತ ಬೇರೆಯಲ್ಲ: ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಸರಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6, 2022ರಲ್ಲಿ ಶೇ 72.9, 2024ರಲ್ಲಿ ಶೇ 66.8. ಬಂದವರನ್ನು ಉಳಿಸಿಕೊಳ್ಳಲು ನಮಗೆ ಬೇಕಿದ್ದದ್ದು ಆ ಎರಡು ವರ್ಷಗಳ ಮಟ್ಟಿಗೆ ಇನ್ನಿಬ್ಬರು ಶಿಕ್ಷಕರು. ಅತಿಥಿ ಶಿಕ್ಷಕಿಯೊಬ್ಬಳು ಬಂದಳು, ಆಕೆ ಬರುವಷ್ಟರಲ್ಲಿ ದಸರೆಯ ರಜೆ ಹತ್ತಿರವಾಗಿತ್ತು.

ಕುಸಿತದ ಅಂಕಿಗಳನ್ನು ಓದುವಾಗ ಇನ್ನೂ ಎರಡು ಸಂಗತಿಗಳನ್ನು ನೆನಪಿಟ್ಟುಕೊಳ್ಳುವುದು ನ್ಯಾಯ. ಹಿಂದೆ ಒಂದೇ ಮಗುವಿನ ಹೆಸರು ಎರಡು ಕಡೆ ಇರುತ್ತಿತ್ತು, ಸರಕಾರಿ ಶಾಲೆಯ ಹಾಜರಿಯಲ್ಲೂ ಖಾಸಗಿ ಶಾಲೆಯ ಬೆಂಚಿನಲ್ಲೂ. ಪ್ರತಿ ಮಗುವಿಗೂ ಒಂದು ಸಂಖ್ಯೆ ಬಂದ ಮೇಲೆ, 2022-23ರಿಂದ ಕೇಂದ್ರದ ಶಾಲಾ ಅಂಕಿಅಂಶ ವ್ಯವಸ್ಥೆಯಾದ ಯು-ಡೈಸ್ ಕೂಡ ಮಗುವಾರು ಮಾಹಿತಿ ಕೇಳತೊಡಗಿದ ಮೇಲೆ, ಆ ನೆರಳು ಹೆಸರುಗಳು ಅಳಿದವು. ಅಂದರೆ ಕುಸಿತದ ಒಂದು ಪಾಲು ಹಳೆಯ ಸುಳ್ಳಿನ ಕುಸಿತ. ಇನ್ನೊಂದು, ಮಕ್ಕಳೇ ಕಡಿಮೆ ಹುಟ್ಟುತ್ತಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ 1.7, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಎರಡಕ್ಕೂ ಕಡಿಮೆ ಮಕ್ಕಳು. ಅದು ಖಾಸಗಿ ಶಾಲೆಗಳ ಬಾಗಿಲಿಗೂ ಬರುತ್ತದೆ, ಆಗಲೇ ಬಂದಿದೆ ಎಂದು ವ್ಯಾನಿನವರ ಮಾತಿನಿಂದ ಊಹಿಸುತ್ತೇನೆ.

ಊರೂ ಸರಿದಿದೆ. ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದಾಗ ನಡುವಿನ ಇಪ್ಪತ್ತು ಕಿಲೋಮೀಟರಿನಲ್ಲಿ ಹೊಲಗಳಿದ್ದವು. 2011ರ ಜನಗಣತಿಯಲ್ಲಿ ಅವಳಿನಗರದ ಜನಸಂಖ್ಯೆ ಒಂಬತ್ತು ಲಕ್ಷ ದಾಟಿತ್ತು. ನವನಗರ, ರಾಯಾಪುರ, ಸತ್ತೂರಿನ ಉದ್ದಕ್ಕೂ ಈಗ ಮನೆಗಳು, ಕಾಲೇಜುಗಳು, ನಡುವೆ ಅವಳಿನಗರದ ತ್ವರಿತ ಸಾರಿಗೆಯ ಚಿಗರಿ ಬಸ್ಸು. ನಮ್ಮ ಓಣಿಯ ಹಳೆಯ ಮನೆಗಳಲ್ಲಿ ಮುದುಕರು ಉಳಿದಿದ್ದಾರೆ, ಅವರ ಮಕ್ಕಳು ಹೊರವಲಯದ ಬಡಾವಣೆಗಳಲ್ಲಿ ಮನೆ ಕಟ್ಟಿದ್ದಾರೆ. ಆ ಮನೆ ಕಟ್ಟಲು ಬಂದವರು ಕೊಪ್ಪಳ, ರಾಯಚೂರು, ವಿಜಯಪುರ ಕಡೆಯ ಗೌಂಡಿಗಳು. ಅವರ ಮಕ್ಕಳೇ ಇಂದು ನಮ್ಮಂಥ ಶಾಲೆಗಳ ಬಲ. ಕಟ್ಟಡ ಮುಗಿದಾಗ ತಗಡಿನ ಶೆಡ್ಡು ಎದ್ದು ಇನ್ನೊಂದು ಕಡೆ ಹೋಗುತ್ತದೆ, ಮಗು ಒಂದು ಸೋಮವಾರ ಬರುವುದಿಲ್ಲ. ಅಂಥ ಮಗುವಿಗೆ ಹತ್ತಿರದ ಶಾಲೆ ಎಂದರೆ ನಿಜವಾಗಿಯೂ ಹತ್ತಿರವಿರಬೇಕು. ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸೇರಿಸಿ ಒಂದು ದೊಡ್ಡ ಶಾಲೆ ಮಾಡಿ ಬಸ್ಸು ಕೊಡುತ್ತೇವೆ ಎನ್ನುವವರ ಲೆಕ್ಕದಲ್ಲಿ ಬಸ್ಸು ಓಣಿಯ ಮುಂದೆ ನಿಲ್ಲುತ್ತದೆ. ತಗಡಿನ ಶೆಡ್ಡಿನ ಮುಂದೆ ನಿಲ್ಲುವುದನ್ನು ನಾನು ನಂಬಲಾರೆ.

ಇದೇ ಊರಿನ ಸಪ್ತಾಪುರದಲ್ಲಿ ರಾತ್ರಿ ಹತ್ತರ ನಂತರವೂ ವಾಚನಾಲಯಗಳ ದೀಪ ಆರುವುದಿಲ್ಲ. ನಾಡಿನ ಮೂಲೆಮೂಲೆಯಿಂದ ಬಂದ ಹುಡುಗ ಹುಡುಗಿಯರು ಗೇಣು ಅಗಲದ ಮೇಜಿನ ಮುಂದೆ ಕುಳಿತು ಪರೀಕ್ಷೆಗೆ ಓದುತ್ತಾರೆ, ಅವರಲ್ಲಿ ಎಷ್ಟೋ ಮಂದಿ ಓದುವುದು ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿಇಟಿಗೆ, ಸರಕಾರಿ ಶಾಲೆಯ ಶಿಕ್ಷಕರಾಗಲು. 2022ರಲ್ಲಿ ಹದಿನೈದು ಸಾವಿರ ಪದವೀಧರ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದಾಗ ಆ ಬೀದಿಯ ಜೆರಾಕ್ಸ್ ಅಂಗಡಿಗಳ ಮುಂದೆ ನಿಲ್ಲಲು ಜಾಗವಿರಲಿಲ್ಲ. ಸರಕಾರಿ ಶಾಲೆಯಲ್ಲಿ ಕೆಲಸ ಸಿಗಲಿ ಎಂದು ಓದುವವರ ಸಾಲಿಗೂ ಸರಕಾರಿ ಶಾಲೆಯಲ್ಲಿ ಕಲಿಯಲು ಬರುವವರ ಸಾಲಿಗೂ ನಡುವೆ ನಡೆದುಹೋಗುವಷ್ಟೇ ದೂರ.

ಆ ಜೂನಿಗೇ ಮರಳುತ್ತೇನೆ. ಒಂದನೆಯ ತರಗತಿಗೆ ಆರು ವರ್ಷ ತುಂಬಿರಲೇಬೇಕೆಂದು 2022ರಲ್ಲಿ ಹೊರಟ ಆದೇಶ ಮುಂದೂಡಿಕೆಯಾಗುತ್ತ ಬಂದು, 2025-26ಕ್ಕೆ ಜಾರಿಯಾಗಬೇಕಿದ್ದಾಗ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಒಬ್ಬ ಗೌಂಡಿ ಮಗನನ್ನು ಕರೆತಂದ. ಆಧಾರ್ ಕಾರ್ಡಿನ ಪ್ರಕಾರ ಹುಡುಗನಿಗೆ ಐದು ವರ್ಷ ಮೂರು ತಿಂಗಳು. ಎಸ್‌ಎಟಿಎಸ್ ಆ ದಿನಾಂಕವನ್ನು ಒಪ್ಪುವುದಿಲ್ಲ, ಮುಖ್ಯಾಧ್ಯಾಪಕಿ ಎಷ್ಟು ಸಲ ಒತ್ತಿದರೂ ಒಪ್ಪುವುದಿಲ್ಲ. ಆಕೆ ರಜಿಸ್ಟರಿನ ಅರ್ಧ ಪುಟದ ಕೆಳಗೆ ಒಂದು ಸಾಲು ಬಿಟ್ಟು ಪೆನ್ಸಿಲಿನಲ್ಲಿ ಹುಡುಗನ ಹೆಸರು ಬರೆದಳು. ಮುಂದಿನ ಜೂನಿಗೆ ಶಾಯಿಯಲ್ಲಿ ತಿದ್ದುತ್ತೇನೆ, ತಪ್ಪದೆ ಬರ್ರಿ ಎಂದಳು. ನಿಯಮಬಾಹಿರ ಕೆಲಸ, ಆದರೆ ನಾನು ಏನೂ ಅನ್ನಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಶಾಲೆಯ ಮುಂದಿನ ಚಹಾ ಅಂಗಡಿಯಲ್ಲಿ ಆ ಗೌಂಡಿ ಸಿಕ್ಕ. ಹುಡುಗ ಹೇಗಿದ್ದಾನೆ ಎಂದು ಕೇಳಿದೆ.

"ಅಂವ್ ಅಲ್ಲೇ ಯುಕೆಜಿಗೆ ಹೋಗ್ತಾನ್ರಿ ಅಕ್ಕೋರ. ಮನ್ಯಾಗ ಕುಂದ್ರಿಸೂದು ಹ್ಯಾಂಗ್ರಿ ವರ್ಷಗಟ್ಲೆ?" ಎಂದವನು, ನನ್ನ ಮುಖ ನೋಡಿ ಏನನಿಸಿತೋ, ದನಿ ತಗ್ಗಿಸಿದ. "ಬಾಯಾರು ಬರದ ಹೆಸರು ಅಳಸಬ್ಯಾಡಂತ ಹೇಳ್ರಿ. ಅವನ ತಂಗಿ ಅದಾಳ, ಆಕಿ ಹೆಸರು ಬರೀಲಿ."

"ಆಕಿಗೆ ಎಷ್ಟು ವರ್ಷ?"

"ಎರಡೂವರಿ, ಅಕ್ಕೋರ."